ಮೂರನೆಯ ಹುಟ್ಟಿನ ಹಲ್ಲುಗಳು



ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ 'ದ್ವಿಜ' ಶಬ್ದದ ಅರ್ಥಗಳು ನೆನಪಿರಬಹುದು. ವಿಪ್ರನಿಗೂ ಪಕ್ಷಿಗೂ ಸಲ್ಲುವ ಆ ಹೆಸರು ಹಲ್ಲಿಗೂ ಸಲ್ಲುವದು; ಹಲ್ಲು ಒಮ್ಮೆ ಹುಟ್ಟಿ, ಬಿದ್ದು, ಮತ್ತೊಮ್ಮೆ ಹುಟ್ಟುತ್ತದಷ್ಟೆ. ಹಾಗಾದರೆ ವೈದ್ಯರು ಕಟ್ಟಿಕೊಡುವ ಹಲ್ಲಿನ ಸೆಟ್ಟಿಗೆ 'ತ್ರಿಜ'ವೆನ್ನಬೇಕೆಂದು ನಾವು ತರಗತಿಯಲ್ಲಿ ವಿನೋದ ಮಾಡಿದ್ದುಂಟು. ಆ ವಿನೋದವು ಈಚೆಗೆ ನಮಗೆ ಕಹಿಯಾಗಿ ನೆನಪಾಯಿತು.

ಹಾನಗಲ್ಲ ತಾಲೂಕಿನಲ್ಲಿ ನಮ್ಮೊಡನೆ ಬಹುಕಾಲ ಮಾಸ್ತರಿಕೆ ಮಾಡಿದ ಸ್ನೇಹಿತರೊಬ್ಬರು, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ, ಪರವೂರಿನ ಒಂದು ವೃದ್ಧಾಶ್ರಮದಲ್ಲಿ ಇರುತ್ತಾರೆ. ನಾವು ಕಾಣಹೋದ ದಿವಸ ಅಲ್ಲಿಯ ಸೇವಕಿಯು, "ಅಜ್ಜಾರು ಹದಿನೈದು ದಿನಾ ಆತ್ರಿ, ಸರಿಯಾಗಿ ಉಣವಲ್ಲರು. ಊರಿನ ಚಿಂತೀ ಹಚ್ಚಿಕೊಂಡಾರ್ರಿ" ಎಂದಳು. ನಾವೂ ಹಾಗೆಯೇ ನಂಬಿದೆವು. ಆದರೆ ಮೆತ್ತಗಿನ ಅನ್ನವನ್ನು ಬಾಯಿಗಿಟ್ಟೊಡನೆ ಅವರು ಕಣ್ಣು ಮುಚ್ಚಿದ್ದನ್ನು ಕಂಡು ಸಂಶಯ ಬಂದಿತು. ಬಹಳ ಹೇಳಿದ ಮೇಲೆ, ಗೋಡೆಯ ಕಡೆಗೆ ಮುಖ ತಿರುಗಿಸಿ, ನಡುಗುವ ಕೈಯಿಂದ ಮೇಲಿನ ಸೆಟ್ಟನ್ನು ತೆಗೆದರು. ಅದರಡಿಯ ಅಂಗುಳವೆಲ್ಲ ಸೆಟ್ಟಿನ ಆಕಾರದಲ್ಲಿಯೇ ಕೆಂಪಾಗಿ ಹೋಗಿತ್ತು. ತೆಗೆದು ಎಷ್ಟು ದಿನವಾಗಿತ್ತೆಂಬುದು ಅವರಿಗೇ ನೆನಪಿಲ್ಲ. ಪರರ ಮುಂದೆ ಬೋಳುಬಾಯಿ ತೋರಲು ಅವರಿಗೆ ನಾಚಿಕೆ. ಕೇಳಬೇಕೆಂಬುದನ್ನು ಆ ಹೆಣ್ಣುಮಗಳಿಗೆ ಯಾರೂ ಕಲಿಸಿರಲಿಲ್ಲ. ಹಿಂದಿನ ಸಲ ಹೋದಾಗ ನಾವೂ ಕೇಳಿರಲಿಲ್ಲ.

ಸೆಟ್ಟಿನ ಗುಲಾಬಿ ಬಣ್ಣದ ಭಾಗವು ಆಕ್ರಿಲಿಕ್ ಎಂಬ ಪದಾರ್ಥದ್ದು. ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅಲ್ಲಿ ಅನ್ನದ ಅಂಶ ನಿಂತು, ಜೊಲ್ಲು ಒಳಗೆ ಹರಿಯದೆ, ಕ್ಯಾಂಡಿಡಾ ಎಂಬ ಶಿಲೀಂಧ್ರವು ಬೆಳೆಯುವದು. ಹೊಲಸು ಬಾಯಿಯಲ್ಲಿಯೇ ನಿಲ್ಲುವದೆಂದೂ ತಿಳಿಯಬಾರದು. ನಿದ್ರೆಯಲ್ಲಿ ಜೊಲ್ಲಿನೊಡನೆ ಶ್ವಾಸಕೋಶಕ್ಕೆ ಇಳಿಯಬಹುದು. ಜಪಾನಿನಲ್ಲಿ 85 ವರ್ಷ ದಾಟಿದ 524 ವೃದ್ಧರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯವು ಸುಮಾರು ಇಮ್ಮಡಿಯೆಂದು ಕಂಡುಬಂದಿತು.

ಆದಕಾರಣ ರಾತ್ರಿ ಸೆಟ್ಟನ್ನು ತೆಗೆಯುವದೇ ಮೊದಲ ಕೆಲಸ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿಯನ್ನಾಗಲಿ ಮಡಿಚಿದ ಟವೆಲನ್ನಾಗಲಿ ಇಟ್ಟಿರಬೇಕು. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳು. ಮೆತ್ತನ್ನ ಬ್ರಷ್ಷು, ಸ್ವಲ್ಪ ಸೌಮ್ಯ ಸಾಬೂನು ಸಾಕು. ಹಲ್ಲುಪುಡಿ, ಇದ್ದಿಲು, ಉಪ್ಪು ಇವುಗಳಿಂದ ತಿಕ್ಕಿದರೆ ಗೀರು ಬಿದ್ದು, ಆ ಗೀರಿನಲ್ಲಿಯೇ ಹೊಲಸು ಮನೆ ಮಾಡುವದು. ನಮ್ಮ ಹೆಣ್ಣುಮಕ್ಕಳಿಗೆ ಏನನ್ನೂ ಕುದಿನೀರಿನಲ್ಲಿ ಹಾಕಿದರೆ ಶುದ್ಧವೆಂಬ ನಂಬಿಕೆಯುಂಟು. ಆದರೆ ಕುದಿನೀರಿನಿಂದ ಸೆಟ್ಟು ಸೊಟ್ಟಗಾಗಿ ಮತ್ತೆ ಬಾಯಿಗೆ ಕೂಡ್ರದು. ತೊಳೆದ ಬಳಿಕ ತಣ್ಣೀರಿನಲ್ಲಿ ಮುಳುಗಿಸಿ, ಮುಚ್ಚಳವಿದ್ದ ಡಬ್ಬಿಯಲ್ಲಿ ಇಡಬೇಕು. ಸೆಟ್ಟು ತೊಳೆದು ಬಾಯಿಯನ್ನು ಮರೆತರೆ ಅರ್ಧ ಕೆಲಸವಾಯಿತು: ವಸಡು, ಅಂಗುಳ, ನಾಲಿಗೆಗಳನ್ನು ಒದ್ದೆಯ ಮೃದು ಬಟ್ಟೆಯಿಂದ ಮೆಲ್ಲಗೆ ಒರಸಬೇಕು. ಅಂಗಡಿಯಲ್ಲಿ ಸಿಗುವ ಶುದ್ಧಿಯ ಗುಳಿಗೆಗಳು ನೀರಿನಲ್ಲಿ ಕರಗಿಸಲಿಕ್ಕೆ ಮಾತ್ರ; ಮರೆವಿನ ವೃದ್ಧರು ಔಷಧಿಯೆಂದು ನುಂಗಿಯಾರು, ಕಪಾಟಿನಲ್ಲಿಟ್ಟು ಕೀಲಿ ಹಾಕುವದು ಲೇಸು. ಆ ನೀರಿನಿಂದ ತೆಗೆದ ಸೆಟ್ಟನ್ನು ಚೆನ್ನಾಗಿ ತೊಳೆಯದೆ ಬಾಯಿಗಿಡಬಾರದು.

ಇನ್ನೊಂದು ಕಡೆ ನಾವು ಕೇಳಿದ ಸಂಗತಿ: ಉತ್ಸಾಹಿಯಾದ ಹೊಸ ಸೇವಕನೊಬ್ಬನು ಏಳು ಜನರ ಸೆಟ್ಟುಗಳನ್ನು ಒಂದೇ ಬೋಗುಣಿಯಲ್ಲಿ ಹಾಕಿ ತೊಳೆದನಂತೆ. ಹೊತ್ತು ಮುಳುಗುವ ತನಕ ಯಾರ ಹಲ್ಲು ಯಾರ ಬಾಯಿಗೆಂಬುದು ಬಗೆಹರಿಯಲಿಲ್ಲ. ಕೇಳಿ ನಗಬಹುದು, ಹಸಿದು ಕುಳಿತ ಏಳು ಜನರು ನಕ್ಕಿರಲಿಕ್ಕಿಲ್ಲ. ಸೆಟ್ಟು ಮಾಡಿಸುವಾಗಲೇ ಹೆಸರನ್ನು ಆಕ್ರಿಲಿಕ್ಕಿನಲ್ಲಿ ಸೇರಿಸಿಕೊಡಿರೆಂದು ದಂತವೈದ್ಯರಿಗೆ ಹೇಳಿದರೆ ಮಾಡಿಕೊಡುತ್ತಾರೆ.

ಶಿಗ್ಗಾವಿ, ಹಿರೇಕೆರೂರುಗಳ ಹಳ್ಳಿಗಳಲ್ಲಿ ಇನ್ನೂ ಬಹುಮಟ್ಟಿಗೆ ಮನೆಯೇ ಆಶ್ರಮ, ಸೊಸೆಯೇ ದಾದಿ. ಅತ್ತೆಯವರ ಬಾಯಿ ನೋಡುವದು ಹೇಗೆಂದು ಅವಳು ಸಂಕೋಚಪಡುತ್ತಾಳೆ. "ಅತ್ತಿ, ತೆಗೀರಿ, ತೊಳಕೊಂಡು ಬರ್ತೀನಿ" ಎಂದು ಊಟದ ತಾಟು ತೊಳೆದಷ್ಟು ಸಹಜವಾಗಿ ಕೇಳಿದರೆ ಆ ಸಂಕೋಚವು ನಾಲ್ಕು ದಿನದಲ್ಲಿ ಕಳೆಯುವದು. ಹಲ್ಲು ಹೋದ ದವಡೆಯ ಎಲುಬು ವರುಷ ವರುಷಕ್ಕೆ ಸವೆಯುವದರಿಂದ ಸೆಟ್ಟು ಸಡಿಲಾಗುವದು ಸಹಜ. ಆಗ ಮನೆಯಲ್ಲಿ ಕಾನಸು ಹಿಡಿದು ತಿಕ್ಕಬಾರದು, ವೈದ್ಯರು ಒಳಪದರು ಹಾಕಿ ಸರಿಪಡಿಸುತ್ತಾರೆ. ಬಡವರಾದ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಲು ರಾಜ್ಯ ಸರಕಾರವು 2014–15ರಲ್ಲಿ 'ದಂತ ಭಾಗ್ಯ' ಯೋಜನೆಯನ್ನು ಆರಂಭಿಸಿತ್ತು. ಈಗಿನ ಸೌಲಭ್ಯವೇನೆಂಬುದನ್ನು ತಾಲೂಕಾ ದವಾಖಾನೆಯಲ್ಲಿ ವಿಚಾರಿಸಬಹುದು. ದೊಡ್ಡ ಚಿಕಿತ್ಸೆ ಬೇಕಾದವರಿಗೆ ಧಾರವಾಡದಲ್ಲಿ 1986ರಿಂದ ಎಸ್‌ಡಿಎಂ ದಂತ ಮಹಾವಿದ್ಯಾಲಯವುಂಟು.

ನಮ್ಮ ಸ್ನೇಹಿತರಿಗೆ ದಂತವೈದ್ಯರು ಶಿಲೀಂಧ್ರ ತೊಲಗಿಸುವ ಔಷಧಿಯನ್ನು ಕೊಟ್ಟು, ಕೆಲವು ದಿವಸ ಸೆಟ್ಟನ್ನೇ ಬಿಡಿಸಿದರು. ಮುಂದಿನ ತಿಂಗಳು ಹೋದಾಗ ಅವರು ಸಾರಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಉಣ್ಣುತ್ತ ಕುಳಿತಿದ್ದರು. ಹಾಸಿಗೆಯ ಬದಿಗೆ ಅವರ ಹೆಸರು ಬರೆದ ಡಬ್ಬಿ. ನಾವು ಕೂಡ್ರುವ ಮೊದಲೇ, "ಸವಣೂರ ಎಲಿ ತಂದೀರೇನ್ರಿ, ಮಾಸ್ತರ?" ಎಂದು ಕೇಳಿದರು. ಎಲೆ ಒಯ್ದಿದ್ದೆವು, ಅಡಿಕೆ ಒಯ್ದಿರಲಿಲ್ಲ. ಅದಕ್ಕಾಗಿ ಅವರು ನಮ್ಮನ್ನು ಬೈದದ್ದು ಅರ್ಧ ತಾಸು.