ಒಲೆ ಹಚ್ಚಲು ಬಿಡುವ ಒಂದು ರೂಮು

ಕ್ಯಾನ್ಸರ್ ಅಂದ ತಕ್ಷಣ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ "ಯಾವ ಆಸ್ಪತ್ರೆ?" ಎರಡನೆಯದು "ಎಷ್ಟು ಖರ್ಚಂತೆ?" "ಅಷ್ಟು ದಿನ ಎಲ್ಲಿ ಉಳ್ಕೊಳ್ತೀರಿ, ಅಡುಗೆ ಎಲ್ಲಿ ಮಾಡ್ತೀರಿ?" ಅಂತ ಕೇಳಿದ್ದು ನಮ್ಮ ಅತ್ತೆ ಒಬ್ಬರೇ. ಆಗ ನನಗೆ ನಗು ಬಂದಿತ್ತು...

ಅಪ್ಪಯ್ಯನಿಗೆ ಗಂಟಲ ಕ್ಯಾನ್ಸರ್. ಸಾಗರದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆ. ರೇಡಿಯೇಶನ್ ವಾರಕ್ಕೆ ಐದು ದಿನ, ಒಟ್ಟು 35 ಸಲ. ಅಂದರೆ ಏಳು ವಾರ. ಮುಖದ ಅಚ್ಚಿನ ಮಾಸ್ಕ್ ಬಿಗಿದು ಮಲಗಿಸಿದರೆ ಹದಿನೈದು ನಿಮಿಷದಲ್ಲಿ ಮುಗೀತು. ಇದಕ್ಕೆ ಅಡ್ಮಿಟ್ ಆಗಬೇಕಿಲ್ಲ. ದಿನದ ಉಳಿದ ಇಪ್ಪತ್ಮೂರು ಮುಕ್ಕಾಲು ಗಂಟೆ ನಮ್ಮ ಪಾಡು.

ಲಾಡ್ಜಿನಲ್ಲಿ ಇದ್ವಿ. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು, ನಾಲಿಗೆಗೆ ರುಚಿಯೇ ಇಲ್ಲ. ಖಾರ, ಹುಳಿ ಬೇಡ, ಮೆತ್ತಗಿನದನ್ನು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ, ತೂಕ ಇಳಿಯಬಾರದು ಅಂದರು ಆಸ್ಪತ್ರೆಯಲ್ಲಿ. ತೂಕ ತೀರಾ ಇಳಿದರೆ ಮಾಸ್ಕೇ ಸಡಿಲ ಆಗಿ ಮತ್ತೆ ಹೊಸದಾಗಿ ಅಳತೆ ತೆಗೀಬೇಕಾಗತ್ತೆ. ದರ್ಶಿನಿಯಲ್ಲಿ ಖಾರವಿಲ್ಲದ್ದು ಏನು ಸಿಗತ್ತೆ ಹೇಳಿ? ಇಡ್ಲಿಯನ್ನು ಹಾಲಲ್ಲಿ ಕಿವುಚಿ ಕೊಡ್ತಿದ್ದೆ. ಲಾಡ್ಜಿನವರು ಕರೆಂಟ್ ಒಲೆ ಇಡೋಕೆ ಬಿಡಲಿಲ್ಲ. ಒಂದು ರಾತ್ರಿ ಅಪ್ಪಯ್ಯ "ಸಾಕು ಮಾರಾಯ, ಊರಿಗೆ ಹೋಗನ" ಅಂದರು. ರೇಡಿಯೇಶನ್ ನಡುವೆ ಬಿಟ್ಟರೆ ಗೆಡ್ಡೆ ಮತ್ತೆ ಚಿಗುರೋಕೆ ಜಾಗ ಮಾಡಿಕೊಟ್ಟ ಹಾಗೆ. ಅದು ಗೊತ್ತಿದ್ದೂ ನಾನು ಒಂದು ಕ್ಷಣ "ಹೂಂ" ಅನ್ನುವವನಿದ್ದೆ.

ಪರಿಚಯದವರೊಬ್ಬರು ಮನೆ ಮೇಲಿನ ರೂಮು ಕೊಟ್ಟರು, ಗ್ಯಾಸ್ ಸಮೇತ. ಹೆಸರುಬೇಳೆ ಗಂಜಿಗೆ ತುಪ್ಪ, ರಾಗಿ ಅಂಬಲಿ, ಹಾಲಿಗೆ ಬೆಣ್ಣೆಹಣ್ಣು. ತೂಕ ಇಳಿಯೋದು ನಿಂತಿತು. ಊರಿನ ಮಾತೂ ನಿಂತಿತು!

ಅಲ್ಲ, ಕೋಟಿಗಟ್ಟಲೆ ಸುರಿದು ರೇಡಿಯೇಶನ್ ಮಶೀನು ತರುವವರಿಗೆ ನಾಲ್ಕು ಒಲೆ ಹೊರೆಯೇ? ಕಿದ್ವಾಯಿಯಲ್ಲಿ ಧರ್ಮಶಾಲೆ ಇದೆ. ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಗೆ ಬರುವವರಿಗೆ ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆ ಇದೆ. ಆದರೆ ಇವು ಎಷ್ಟು ಜನಕ್ಕೆ ಸಾಕಾಗತ್ತೆ? 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗತ್ತೆ, ಒಳ್ಳೆಯದೇ. ಜೊತೆಗೆ ಬಂದವರ ಏಳು ವಾರದ ಬಾಡಿಗೆ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ರೈಲ್ವೆಯವರೇ ವಾಸಿ. ಕ್ಯಾನ್ಸರ್ ರೋಗಿಯ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್ಟಲ್ಲಿ ರಿಯಾಯಿತಿ ಇಟ್ಟಿದ್ದಾರೆ. ರೋಗಿ ಒಬ್ಬನೇ ಬರೋದಿಲ್ಲ ಅನ್ನೋದು ಅವರಿಗಾದರೂ ಹೊಳೆದಿದೆ.

ಇನ್ನು ನೆಂಟರು. "ಏನಾದ್ರೂ ಬೇಕಿದ್ರೆ ಹೇಳು" ಅಂತ ಫೋನ್ ಮಾಡಿದವರು ಲೆಕ್ಕವಿಲ್ಲ. (ಪಪ್ಪಾಯಿ ಎಲೆ ರಸದ ವಿಡಿಯೋ ಕಳಿಸಿದವರನ್ನು ಬಿಟ್ಟುಬಿಡೋಣ.) ಏನು ಬೇಕು ಅಂತ ಯೋಚಿಸೋಕೂ ತ್ರಾಣ ಇಲ್ಲದವನು ಏನು ಹೇಳಿಯಾನು? ಭಾವ ಮಾತ್ರ ಕೇಳಲೇ ಇಲ್ಲ. ಐದನೇ ವಾರ ಬ್ಯಾಗು ಹಿಡ್ಕೊಂಡು ಬಂದಿಳಿದ. "ಗಂಜಿ ಹೇಗೆ ಮಾಡೋದು ಹೇಳ್ಕೊಟ್ಟು ನೀನು ಊರಿಗೆ ಹೋಗಿ ಮಲಗು" ಅಂದ. ಊರಲ್ಲಿ ಎರಡು ದಿನ ನಿದ್ದೆ ಮಾಡಿದೆ.

ಬೆಂಗಳೂರಲ್ಲಿ ಕ್ಯಾನ್ಸರ್ ಆಸ್ಪತ್ರೆ ಹತ್ತಿರ ಮನೆಯಿದ್ದು, ಮೇಲೊಂದು ರೂಮು ಖಾಲಿ ಇರುವವರು ಇದನ್ನು ಓದ್ತಿದ್ದರೆ ಒಂದು ಮಾತು. ಬಾಡಿಗೆ ತಗೊಳ್ಳಿ, ಬೇಡ ಅನ್ನಲ್ಲ. ಒಲೆ ಹಚ್ಚೋಕೆ ಬಿಡಿ.