ಕೆಲಸವಿಲ್ಲದ ಅಪ್ಪನ ಕೊಬ್ಬರಿ ಯಾರ ಹೆಸರಲ್ಲಿದೆ?

ಬಿಳಿಗೆರೆಯ ಬಂಧುಗಳೇ, ಸುತ್ತಲ ಹಳ್ಳಿಗಳ ಹಿರಿಯರೇ,

ಹೋದ ವಾರ ತಿಪಟೂರಿನ ಕೋರ್ಟಿನ ಮುಂದೆ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಸಿಕ್ಕಿದಳು. ಕೊಬ್ಬರಿ ಸುಲಿಯುವ ಕೂಲಿ ಬಿಟ್ಟು ವಾಯಿದೆಗೆ ಬಂದಿದ್ದಳು. ಪಕ್ಕದಲ್ಲಿ ಮಗ. ಶೂ ಚಿಕ್ಕದಾಯಿತೆಂದು ಅದರ ತುದಿಯನ್ನು ಬ್ಲೇಡಿನಲ್ಲಿ ಕೊಯ್ದುಕೊಟ್ಟಿದ್ದಾಳೆ. ಹುಡುಗನ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಗಂಡ ಹಾಕಿದ ತಕರಾರಿನಲ್ಲಿ ಇದ್ದದ್ದು ಒಂದೇ ಮಾತು: ಕೆಲಸವಿಲ್ಲ, ಜೀವನಾಂಶ ಕೊಡಲಾರೆ. ಅದೇ ಸಂಜೆ ಆ ಮಹಾನುಭಾವ ಹೋಟೆಲ್ ಮುಂದೆ ಬೈಕಿಗೆ ಒರಗಿ ಕೊಬ್ಬರಿ ರೇಟು ಮಾತಾಡುತ್ತಿದ್ದ. ನಾನೂ ಅಲ್ಲೇ ಕಾಫಿ ಕುಡಿದೆ, ಬಾಯಿ ಬಿಡಲಿಲ್ಲ.

ಇದೇನು ನಿಮಗೆ ಗೊತ್ತಿಲ್ಲದ ಕಥೆಯೇ? ಕೇಸು ಬೀಳುವ ಸೂಚನೆ ಸಿಕ್ಕರೆ ಸಾಕು, ತೋಟದ ಪಹಣಿ ಗಂಡನ ಅಣ್ಣನ ಹೆಸರಿಗೆ ಹೋಗುತ್ತದೆ. ಕೊಬ್ಬರಿ ಅವನ ಅಪ್ಪನ ಹೆಸರಲ್ಲಿ ಮಂಡಿಗೆ ಇಳಿಯುತ್ತದೆ. ದುಡ್ಡು ಮಾತ್ರ ದಾರಿ ತಪ್ಪದೆ ಇವನ ಜೇಬಿಗೇ ಬರುತ್ತದೆ. ಕಾಯಿ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚೂಕಮ್ಮಿ ವರ್ಷ ಬೇಕು. ಅಷ್ಟು ದಿನ ಇಲಿ ಮುಟ್ಟದ ಹಾಗೆ ಕಾಯುತ್ತೀರಲ್ಲ, ಹೆತ್ತ ಮಗುವಿನ ಪಾಲನ್ನು ಅಪ್ಪನೇ ಕದ್ದರೆ ಕಾಣುವುದಿಲ್ಲವೇ?

ಅವನ ಸುಳ್ಳನ್ನು ಬೇಕಾದರೆ ಕ್ಷಮಿಸಿಯೇನು. ಅದಕ್ಕೆ ಅಟ್ಟ ಕಟ್ಟಿಕೊಟ್ಟ ಊರನ್ನು ಹೇಗೆ ಕ್ಷಮಿಸಲಿ? ಪಹಣಿ ಬದಲಾಯಿಸಿಕೊಂಡ ಅಣ್ಣ, ಸೊಸೆಗೆ ಬುದ್ಧಿ ಹೇಳಿದ ಅತ್ತೆ, 'ಪಾಪ, ಹುಡುಗ ಖಾಲಿ ಕೂತಿದ್ದಾನೆ' ಎಂದು ಕಟ್ಟೆಯ ಮೇಲೆ ಲೊಚಗುಟ್ಟಿದ ಹಿರಿಯರು. ಖಾಲಿ ಇರುವುದು ಮಗುವಿನ ತಟ್ಟೆ ಸ್ವಾಮಿ!

ನಿಜವಾಗಿ ಕೆಲಸ ಕಳೆದುಕೊಂಡವರಿದ್ದಾರೆ, ಒಪ್ಪುತ್ತೇನೆ. ಕೋರ್ಟು ತಾಕತ್ತು ನೋಡಿಯೇ ಮೊತ್ತ ಹೇಳುತ್ತದೆ. ಆದರೆ ಮೈಕೈ ಗಟ್ಟಿ ಇರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕೊರೊನಾದಲ್ಲಿ ಕೆಲಸ ಹೋಯಿತೆಂದು ಹೆಂಡತಿಯಿಂದಲೇ ಜೀವನಾಂಶ ಕೇಳಿದವನಿಗೆ ನಮ್ಮ ಹೈಕೋರ್ಟು 2023ರಲ್ಲಿ, ಇದಕ್ಕೆ ಒಪ್ಪಿದರೆ ಸೋಮಾರಿತನಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂದಿತು. ಬಾಕಿ ಉಳಿಸಿಕೊಂಡು ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ, ಬಾಕಿ ಬಾಕಿಯೇ.

ತಾಯಂದಿರೇ, ನಿಮಗೆ ಇಷ್ಟೇ ಹೇಳಬಲ್ಲೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ. ಜೀವನಾಂಶ ಕೇಳುವ ಹಳೆಯ 125ನೇ ಕಲಂ ಈಗ ಹೊಸ ಸಂಹಿತೆಯಲ್ಲಿ 144. ಮಧ್ಯಂತರ ಜೀವನಾಂಶದ ಅರ್ಜಿ, ನೋಟಿಸು ಮುಟ್ಟಿದ 60 ದಿನದೊಳಗೆ ಆದಷ್ಟೂ ಮುಗಿಯಬೇಕು. ಆಸ್ತಿ, ಆದಾಯದ ಪ್ರಮಾಣಪತ್ರ ಹಾಕಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಗಂಡ ಅದನ್ನು ಹಾಕಿದ್ದಾನೆಯೇ ಎಂದು ವಕೀಲರನ್ನು ಕೇಳಿ. ಹಳೆಯ ಪಹಣಿ, ಮಂಡಿಯ ಚೀಟಿ, ಸಿಕ್ಕಿದ್ದನ್ನೆಲ್ಲ ಎತ್ತಿಡಿ.

ಆದರೆ ಕೋರ್ಟಿನ ಮುಂದೆ ಸಿಕ್ಕ ಆ ಹೆಣ್ಣುಮಗಳಿಗೆ ಚೀಟಿ ಎಲ್ಲಿ ಸಿಗಬೇಕು? ಆ ತೋಟದ ಕಾಯಿ ಕೀಳಿಸುವವನು ಯಾರು, ಶನಿವಾರ ಕೂಲಿ ಎಣಿಸಿ ಕೊಡುವವನು ಯಾರು ಎಂದು ಕಣ್ಣಾರೆ ಕಂಡವರು ನಿಮ್ಮಲ್ಲೇ ಹತ್ತು ಜನರಿದ್ದೀರಿ. ಮುಂದಿನ ವಾಯಿದೆಗೆ ಸಾಕ್ಷಿ ಹೇಳಲು ನಾನು ಹೊರಟಿದ್ದೇನೆ. ಬೆಳಗಿನ ಬಸ್ಸಿಗೆ ಸ್ಟಾಪಿನಲ್ಲಿ ನಿಂತಿರುತ್ತೇನೆ. ಯಾರು ಬರುತ್ತೀರಿ?