ಗರಿಕೆಗೆ ಬರ್ಮುಡಾ ತೊಡಿಸಿದವರು

ಮೊದಲೇ ಹೇಳಿಬಿಡ್ತೀನಿ, ಇದು ಗಾರ್ಡನಿಂಗ್ ಟಿಪ್ಸ್ ಕೊಡೋ ಬರಹ ಅಲ್ಲ. ಇದು ಜಗಳ. ಮನೆ ಮುಂದೆ ಇಪ್ಪತ್ತಡಿ ಜಾಗ ಸಿಕ್ಕ ತಕ್ಷಣ ಅಲ್ಲಿ ಹಸಿರು ಕಾರ್ಪೆಟ್ ಹಾಸಿ, ಅಂಚಿಗೆ ಹೆಸರೇ ಗೊತ್ತಿಲ್ಲದ ನಾಲ್ಕು ಜುಟ್ಟು ಹುಲ್ಲು ನೆಟ್ಟು, ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿ, "ನೇಚರ್ ಅಂದ್ರೆ ನಮಗೆ ಪ್ರಾಣ" ಅನ್ನೋ ನಮ್ಮ ಜನರ ಜೊತೆಗಿನ ಜಗಳ. ನನ್ನ ಟೀಮಲ್ಲೇ ಅಂಥವರು ಮೂರು ಜನ ಇದ್ದಾರೆ. ಅವರು ಒಳ್ಳೆಯವರು. ಅವರ ಲಾನ್ ಒಳ್ಳೇದಲ್ಲ.

ಈ ಲಾನ್ ಅನ್ನೋದು ಎಲ್ಲಿಂದ ಬಂತು ನೋಡಿ. ವರ್ಷವಿಡೀ ಒಂದಿಷ್ಟು ಮಳೆ ಬೀಳೋ, ಬಿಸಿಲು ಅಂದ್ರೆ ಹಬ್ಬ ಅನ್ನೋ ಇಂಗ್ಲೆಂಡಿನಲ್ಲಿ ಶ್ರೀಮಂತರ ಬಂಗಲೆ ಮುಂದೆ ಹುಟ್ಟಿದ್ದು ಅದು. "ಏನೂ ಬೆಳೀದೆ ಖಾಲಿ ಬಿಡುವಷ್ಟು ಜಮೀನು ನನ್ನ ಹತ್ರ ಇದೆ" ಅಂತ ತೋರಿಸಿಕೊಳ್ಳೋ ಒಂದು ದಾರಿ. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಅನ್ನೋರು ಅಲ್ಲೇ ಹುಲ್ಲು ಕತ್ತರಿಸೋ ಯಂತ್ರಕ್ಕೆ ಪೇಟೆಂಟ್ ತಗೊಂಡ್ರು, ಆಮೇಲೆ ಮಧ್ಯಮ ವರ್ಗಕ್ಕೂ ಆ ಶೋಕಿ ಇಳೀತು. ಅದರಲ್ಲಿ ತಪ್ಪೇನಿಲ್ಲ. ಅಲ್ಲಿ ಆಕಾಶವೇ ಬಿಟ್ಟಿ ನೀರು ಹಾಕುತ್ತೆ. ನಮ್ಮಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದೆರಡು ಹನಿ ಬಿದ್ದರೆ ಪುಣ್ಯ. ಯುಗಾದಿ ಹೊತ್ತಿಗೆ ಒಣಗಿ ಕಂದಾಗೋದು ನಮ್ಮ ನೆಲದ ಸ್ವಭಾವ. ಅದನ್ನ ಒಪ್ಪಿಕೊಳ್ಳೋಕೆ ನಮಗೆ ಯಾಕೋ ನಾಚಿಕೆ.

ನಾವೆಲ್ಲ ಲೆಕ್ಕದ ಜನ ಅಲ್ವಾ, ಲೆಕ್ಕ ಹಾಕೋಣ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ನೀರು ಅಂದ್ರೆ ಸರಿಯಾಗಿ 1 ಲೀಟರ್. ಬೇಸಿಗೆಯಲ್ಲಿ ಲಾನ್ ಹಸಿರಾಗೇ ಇರಬೇಕು ಅಂದ್ರೆ ದಿನಕ್ಕೆ 5 ಮಿಲಿಮೀಟರ್ ಅಂತ ಹಿಡಿಯಿರಿ. ಇಪ್ಪತ್ತಡಿಗೆ ಇಪ್ಪತ್ತಡಿ ಜಾಗ ಅಂದ್ರೆ 37 ಚದರ ಮೀಟರ್. ದಿನಕ್ಕೆ ಸುಮಾರು 185 ಲೀಟರ್ ಆಯ್ತು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕು ಅಂತ ಸರ್ಕಾರ ಇಟ್ಟುಕೊಂಡಿರೋ ಲೆಕ್ಕ 135 ಲೀಟರ್. ಸ್ನಾನ, ಅಡುಗೆ, ಬಟ್ಟೆ, ಪಾತ್ರೆ, ಟಾಯ್ಲೆಟ್ ಎಲ್ಲ ಸೇರಿ. ಅಂದ್ರೆ ನಿಮ್ಮ ಮನೆ ಮುಂದಿನ ಆ ಹಸಿರು ಚಾಪೆ ಮನೆಯೊಳಗಿನ ಒಬ್ಬ ಆಳಿಗಿಂತ ಜಾಸ್ತಿ ಕುಡೀತಿದೆ. ಮಾರ್ಚ್‌ನಿಂದ ಮೇ ಮುಗಿಯೋವರೆಗೆ 16 ಸಾವಿರ ಲೀಟರಿನ ಮೇಲೆ. 6 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಲೋಡು.

ಆ ನೀರು ಎಲ್ಲಿಂದ ಬರುತ್ತೆ? ಕಾವೇರಿ ಆದ್ರೆ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿಸಿಕೊಂಡು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯೋ ನೀರನ್ನ ತೋಟಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಬೇಕಾಯ್ತು. ಆಗ ಎಷ್ಟೋ ಜನ ಏನು ಮಾಡಿದ್ರು? ಲಾನ್‌ಗೆ ಅಂತ ಟ್ಯಾಂಕರ್ ತರಿಸಿದ್ರು. ಟ್ಯಾಂಕರಿನ ನೀರೇನು ಮೋಡದಿಂದ ಇಳೀತಾ? ಊರಿನ ಅಂಚಿನ ಯಾವುದೋ ಹಳ್ಳಿಯ ಬೋರ್‌ವೆಲ್‌ನಿಂದ ಬಂತು. ಅಲ್ಲಿ ಒಬ್ಬನ ತೆಂಗಿನ ಗರಿ ಜೋತು ಬೀಳೋ ಹೊತ್ತಿಗೆ ಇಲ್ಲಿ ನಮ್ಮ ಕೊರಿಯನ್ ಕಾರ್ಪೆಟ್ ಫಳಫಳ ಅಂತಿತ್ತು. ಹಳ್ಳಿ ಬಿಟ್ಟು ಬಂದವರೇ ಮಾಡೋ ಈ ಕೆಲಸಕ್ಕೆ ಏನು ಹೆಸರಿಡೋದು, ನೀವೇ ಹೇಳಿ.

"ನಮ್ಮ ಅಪಾರ್ಟ್‌ಮೆಂಟಲ್ಲಿ ಎಸ್‌ಟಿಪಿ ನೀರು ಸ್ವಾಮಿ, ವೇಸ್ಟ್ ಆಗೋದೇ ಅಲ್ವಾ?" ಅಂತ ಒಂದು ವಾದ ಇದೆ. ಆಯ್ತು. ಅದನ್ನ ಫ್ಲಶ್‌ಗೆ ಬಿಡಿ, ಬೀದಿ ಮರಗಳಿಗೆ ಬಿಡಿ, ಪಕ್ಕದಲ್ಲಿ ಕಟ್ಟಡ ಏಳ್ತಿದ್ರೆ ಅವರಿಗೆ ಕೊಡಿ. ಒಮ್ಮೆ ಶುದ್ಧ ಮಾಡೋಕೆ ಕರೆಂಟು ಸುಟ್ಟ ನೀರನ್ನ ಯಾರೂ ಕಾಲಿಡದ ಹುಲ್ಲಿಗೆ ಸುರಿಯೋದು ಉಳಿತಾಯ ಹೇಗಾಗುತ್ತೆ? ಅದೂ "ಹುಲ್ಲಿನ ಮೇಲೆ ನಡೆಯಬೇಡಿ" ಅನ್ನೋ ಬೋರ್ಡು ನೆಟ್ಟ ಹುಲ್ಲಿಗೆ. "ಮಕ್ಕಳು ಆಡೋಕೆ ಬೇಕಲ್ಲ" ಅನ್ನೋರು ಮೊದಲು ಆ ಬೋರ್ಡು ಕಿತ್ತು ಬರಲಿ, ಆಮೇಲೆ ಮಾತಾಡೋಣ.

ಇನ್ನು ತಮಾಷೆಯ ವಿಷಯಕ್ಕೆ ಬರ್ತೀನಿ. ನರ್ಸರಿಯವನು ಕ್ಯಾಟಲಾಗ್ ತೋರಿಸ್ತಾನೆ. ಅದರಲ್ಲಿ "ಬರ್ಮುಡಾ ಗ್ರಾಸ್" ಅಂತ ಒಂದಿರುತ್ತೆ. ಬಿಸಿಲು ತಡೆಯುತ್ತೆ, ತುಳಿದ್ರೂ ಚಿಗುರುತ್ತೆ, ಕ್ರಿಕೆಟ್ ಮೈದಾನಕ್ಕೂ ಇದೇ ಅಂತಾನೆ. ನೀವು ಚದರಡಿ ಲೆಕ್ಕದಲ್ಲಿ ದುಡ್ಡು ಕೊಡ್ತೀರಿ. ಅದು ಗರಿಕೆ ಸ್ವಾಮಿ! ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್, ಎರಡಕ್ಕೂ ಒಂದೇ. ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಕುಡಿ ಹುಡುಕ್ಕೊಂಡು ಮಾರ್ಕೆಟ್ಟಿಗೆ ಹೋಗ್ತೀರಲ್ಲ, ಅದೇ. ಮೈದಾನಕ್ಕೆ ಹಾಕೋದು ಬಹಳ ಸಲ ಅದರ ಮಿಶ್ರತಳಿ, ಆದ್ರೆ ಮನೆತನ ಗರಿಕೆಯದ್ದೇ. ಪಕ್ಕದ ಮನೆಯವರು ಕೊರಿಯನ್ ಕಾರ್ಪೆಟ್ ಹಾಕಿಸಿದ್ದಾರೆ. ಅವರ ಮಾಲಿ ವಾರಕ್ಕೊಮ್ಮೆ ಬಂದು ಅದರ ನಡುವೆ ತಾನಾಗೇ ಹುಟ್ಟಿದ ಗರಿಕೆಯನ್ನ ಕಳೆ ಅಂತ ಕಿತ್ತು ಎಸೀತಾನೆ. ಒಂದು ಕಾಂಪೌಂಡಿನಲ್ಲಿ ದುಡ್ಡು ಕೊಟ್ಟು ನೆಡೋದು, ಇನ್ನೊಂದರಲ್ಲಿ ದುಡ್ಡು ಕೊಟ್ಟು ಕೀಳಿಸೋದು. ಗರಿಕೆಗೆ ಬರ್ಮುಡಾ ತೊಡಿಸಿದ್ರೆ ಮಾತ್ರ ಗೇಟಿನೊಳಗೆ ಪ್ರವೇಶ!

ಹಳ್ಳಿಯಿಂದ ಬಂದವನು, ಅದಕ್ಕೇ ಗರಿಕೆ ಕಂಡ್ರೆ ಕಣ್ಣಲ್ಲಿ ನೀರು ಅಂದುಕೋಬೇಡಿ. ನಮ್ಮೂರಲ್ಲಿ ಗರಿಕೆಯನ್ನ ಯಾರೂ ಮುದ್ದು ಮಾಡಲ್ಲ. ರಾಗಿ ಹೊಲಕ್ಕೆ ಇಳೀತು ಅಂದ್ರೆ ಅದು ಶನಿ. ನಮ್ಮಪ್ಪ ಅದರ ಗೆಣ್ಣು ಗೆಣ್ಣು ಹುಡುಕಿ ಅಗೆದು ಬದುವಿಗೆ ಎಸೀತಿದ್ರು. ಬದುವಿನ ಮೇಲೆ ಅದೇ ಗರಿಕೆ ಮಳೆಗೆ ಮಣ್ಣು ಕೊಚ್ಚಿ ಹೋಗದ ಹಾಗೆ ಹಿಡಿದು ಕೂರ್ತಿತ್ತು, ದನಕ್ಕೆ ಮೇವೂ ಆಗ್ತಿತ್ತು. ಒಂದೇ ಹುಲ್ಲು, ಹೊಲದಲ್ಲಿ ಶತ್ರು, ಬದುವಿನಲ್ಲಿ ಕಾವಲು. ಯಾವುದು ಎಲ್ಲಿರಬೇಕು ಅನ್ನೋ ಈ ವಿವೇಕ ಓದು ಬರಹ ಇಲ್ಲದವರಿಗಿತ್ತು. ಡಿಗ್ರಿ ಇರೋ ನಮಗೆ ಕ್ಯಾಟಲಾಗ್ ಇದೆ.

ಆ ಕ್ಯಾಟಲಾಗಿನ ಮುಂದಿನ ಪುಟ ಇನ್ನೂ ಅಪಾಯದ್ದು. ಹಳದಿ ಹೂವಿನ ವೆಡೀಲಿಯಾ ಗೊತ್ತಲ್ಲ, ರಸ್ತೆ ಡಿವೈಡರ್ ಮೇಲೆಲ್ಲ ಹಬ್ಬಿರುತ್ತೆ. "ಏನೂ ನೋಡ್ಕೊಳ್ಳೋದೇ ಬೇಡ ಸಾರ್, ತಾನೇ ಹರಡುತ್ತೆ" ಅಂತ ಹೊಗಳಿ ಮಾರ್ತಾರೆ. ಆ ಹೊಗಳಿಕೆಯೇ ಅದರ ಮೇಲಿನ ಆರೋಪ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಬಳ್ಳಿ, ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಗಾಳಿಗೆ ತೂಗೋ ಫೌಂಟನ್ ಗ್ರಾಸ್ ಹವಾಯಿ ದ್ವೀಪದಲ್ಲಿ ತೋಟ ದಾಟಿ ಒಣ ಗುಡ್ಡಗಳಿಗೆ ಹಬ್ಬಿ ಕಾಳ್ಗಿಚ್ಚಿಗೆ ಸೌದೆಯಾಗಿದೆ. ಯುರೋಪಿನ ಒಕ್ಕೂಟ 2017ರಲ್ಲಿ ಅದನ್ನ ನಿಷೇಧದ ಪಟ್ಟಿಗೆ ಸೇರಿಸಿತು. ಅವರು ಬೇಡ ಅಂದಿದ್ದನ್ನ ನಾವು ಕುಂಡದಲ್ಲಿಟ್ಟು ಸೆಲ್ಫಿ ತಗೋತೀವಿ.

ಇದೇನು ಹೊಸ ಕಥೆ ಅಲ್ಲ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಹೂವಿಗಾಗಿ ತಂದ ಒಂದು ಗಿಡ ಇತ್ತು. ಅದರ ಹೆಸರು ಲಂಟಾನ. ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲ್ಲು ಚಿಗುರಬೇಕಾದ ಜಾಗವನ್ನೆಲ್ಲ ಅದು ಮುಚ್ಚಿಕೊಂಡಿದೆ. ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆದು ಬದುಕೋಕೆ ನೋಡ್ತಿದ್ದಾರೆ. ಅದು ಅವರ ಜಾಣತನ. ಆದ್ರೆ ಕಾಡು ತಿನ್ನೋಕೆ ಹೊರಟ ಆ ಗಿಡ ಮೊದಲು ಹೊರಟಿದ್ದು ಒಂದು ಚೆಂದದ ತೋಟದಿಂದ ಅನ್ನೋದು ನೆನಪಿರಲಿ.

"ಹಂಗಾದ್ರೆ ಮೆಣಸಿನಕಾಯಿ, ಟೊಮ್ಯಾಟೊ ಕೂಡ ಹೊರಗಿನವೇ ಅಲ್ವಾ?" ಅಂತ ನೀವು ಕೇಳೇ ಕೇಳ್ತೀರಿ. ಹೌದು, ಹೊರಗಿನವೇ. ನನ್ನ ತಕರಾರು ಪಾಸ್‌ಪೋರ್ಟಿನ ಬಗ್ಗೆ ಅಲ್ಲ. ಮೆಣಸಿನ ಗಿಡ ನೆಟ್ಟಲ್ಲೇ ಇರುತ್ತೆ, ನೀರು ಹಾಕೋದು ಮರೆತ್ರೆ ಸಾಯುತ್ತೆ. ಅದು ಕಾಡಿಗೆ ನುಗ್ಗಿ ಜಿಂಕೆಯ ಮೇವು ಕಸಿಯಲ್ಲ. ಬೇಲಿ ಹಾರೋ ಗಿಡದ ಬಗ್ಗೆ ಮಾತ್ರ ನನ್ನ ಜಗಳ.

ಹಾಗಾದ್ರೆ ಏನು ನೆಡೋದು? ನಮ್ಮ ನೆಲಕ್ಕೆ ಹೊಂದೋ ಹೊದಿಕೆಗೆ ಬರ ಏನಿಲ್ಲ. ಬಿಸಿಲಿದ್ರೆ ಗರಿಕೆ: ಬೇರಿರೋ ಕುಡಿಗಳನ್ನ ಮಳೆ ಶುರುವಾದಾಗ ಅರ್ಧ ಅಡಿಗೊಂದು ಊರಿ, ಕುಡುಗೋಲಿನಲ್ಲಿ ಆಗಾಗ ಸವರಿ, ಸಾಕು. ಮಾರ್ಚ್‌ನಲ್ಲಿ ಕಂದಾದ್ರೆ ಆಗಲಿ. ಅದು ಸತ್ತಿಲ್ಲ, ನಿದ್ದೆಯಲ್ಲಿದೆ. ಮೊದಲ ಮಳೆಗೆ ಎದ್ದು ಕೂರುತ್ತೆ. ನೆರಳು, ತೇವ ಇರೋ ಮೂಲೆಗೆ ಒಂದೆಲಗ. ಅಕ್ಕಿ, ತರಕಾರಿ ತೊಳೆದ ನೀರು ಸಾಕು ಅದಕ್ಕೆ, ಭಾನುವಾರದ ತಂಬುಳಿ ನಿಮ್ಮದು. ಒಣ ನೆಲಕ್ಕೆ ವಿಷ್ಣುಕ್ರಾಂತಿ, ಹೂವು ಅಷ್ಟು ಚಿಕ್ಕದು, ಬಣ್ಣ ಆಕಾಶದ್ದು. ತೇವಕ್ಕೆ ಹೊನಗೊನ್ನೆ. ಎತ್ತರದ ಹುಲ್ಲೇ ಬೇಕು ಅಂದ್ರೆ ಮಜ್ಜಿಗೆಹುಲ್ಲು ಇದೆ, ಲಾವಂಚ ಇದೆ. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಮೂರು ಮೀಟರ್‌ವರೆಗೂ ಹೋಗುತ್ತೆ. ನಮ್ಮ ದಕ್ಷಿಣದ ತಳಿ ಬೀಜ ಬಿದ್ದು ಊರೆಲ್ಲ ಹುಟ್ಟಲ್ಲ, ಸಸಿ ಸೀಳಿ ನೆಟ್ಟರೆ ನೆಟ್ಟಲ್ಲೇ ಬುಡ ಕಟ್ಟುತ್ತೆ. ಗುಂಡ್ಲುಪೇಟೆ ಕಡೆ ರೈತರು ಹೊಲದ ಗಡಿಗೆ ಇದನ್ನೇ ನೆಡೋದು ಎಷ್ಟೋ ತಲೆಮಾರಿನ ರೂಢಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಉಳಿಸೋಕೆ ಲಾವಂಚವೇ ಸರಿ ಅಂತ ದೇಶದೇಶಗಳಿಗೆ ಪ್ರಚಾರ ಮಾಡಿದಾಗ ಉದಾಹರಣೆ ಕೊಟ್ಟಿದ್ದೂ ಆ ರೈತರದ್ದೇ. ಗಾಳಿಗೆ ತೂಗೋದರಲ್ಲಿ ಅದು ಯಾವ ಫೌಂಟನ್ ಗ್ರಾಸಿಗೂ ಕಮ್ಮಿ ಇಲ್ಲ. ಜುಟ್ಟು ಬಿಟ್ಟ ಹುಲ್ಲಿನ ಬೀಜಕ್ಕೆ ರಾಟವಾಳ ಹಕ್ಕಿಗಳು ಬರುತ್ವೆ. ಕಾರ್ಪೆಟ್ಟಿಗೆ ಯಾವ ಹಕ್ಕಿ ಬರುತ್ತೆ?

"ಹಾವು ಬಂದ್ರೆ?" ಎತ್ತರದ್ದು ಕಾಂಪೌಂಡಿನ ಅಂಚಿಗೆ ಇರಲಿ, ಬಾಗಿಲ ಹತ್ತಿರ ಮೊಣಕಾಲು ಮುಟ್ಟದ್ದು ಇರಲಿ, ಕಸದ ರಾಶಿ ಇಲಿ ಕರೆಯದ ಹಾಗೆ ನೋಡ್ಕೊಳ್ಳಿ. ಹಳ್ಳಿಯವರು ಹಿತ್ತಲಲ್ಲಿ ಇಷ್ಟೇ ಮಾಡೋದು.

ನಿಜವಾದ ನೋವು ಇರೋದು ಬೇರೆ ಕಡೆ. ನಮ್ಮ ಲೇಔಟಿನ ಪಾರ್ಕಿನಲ್ಲಿ ಯಾದಗಿರಿ ಕಡೆಯ ಹೆಣ್ಣುಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತು ಲಾನಿನ ಕಳೆ ಕೀಳ್ತಾರೆ. ಒಬ್ಬಾಕೆಯ ಬುಟ್ಟಿ ತುಂಬ ಹೊನಗೊನ್ನೆ. "ಇದು ತಿನ್ನೋ ತಪ್ಪಲಪಲ್ಯ ಐತ್ರಿ ಅಣ್ಣಾರ. ಮನಿಗೆ ಒಯ್ತೀವಿ ಅಂದ್ರ ಬ್ಯಾಡ, ಎಣ್ಣಿ ಹೊಡ್ದೀವಿ ಅಂತಾರ" ಅಂದ್ಲು. ಎಣ್ಣೆ ಅಂದ್ರೆ ಕಳೆನಾಶಕ. ಲಾನಿಗೆ ಹೊಡೆಯೋ ಟೂ-ಫೋರ್-ಡಿ ಅನ್ನೋ ವಿಷದ ಗುಣವೇ ಅದು, ಹುಲ್ಲನ್ನ ಬಿಟ್ಟು ಅಗಲ ಎಲೆಯದ್ದನ್ನ ಸಾಯಿಸೋದು. ಹೊನಗೊನ್ನೆ, ಒಂದೆಲಗ, ಗೋಣಿಸೊಪ್ಪು ಎಲ್ಲವೂ ಅಗಲ ಎಲೆಯವೇ. ನೋಡಿ, ತಿನ್ನೋ ಸೊಪ್ಪಿಗೆ ವಿಷ ಹೊಡೆದು, ತಿನ್ನಲಾಗದ ಹುಲ್ಲಿಗೆ ಕುಡಿಯೋ ನೀರು ಹಾಕಿ, ಸೊಪ್ಪು ಗುರುತಿಸಬಲ್ಲ ಹೆಂಗಸಿಗೆ ಅದನ್ನ ಕೀಳೋ ಕೂಲಿ ಕೊಡ್ತಿದ್ದೀವಿ. ಇದಕ್ಕೆ ನಾವಿಟ್ಟ ಹೆಸರು ಲ್ಯಾಂಡ್‌ಸ್ಕೇಪಿಂಗ್.

ಆಕೆಗೆ ಗೊತ್ತಿರೋ ಹೆಸರುಗಳು ನಮಗೆ ಗೊತ್ತಿಲ್ಲ. ನಮ್ಮ ಮಕ್ಕಳಿಗಂತೂ ಇನ್ನು ಮೇಲೆ ಗೊತ್ತಾಗೋ ದಾರಿಯೇ ಇಲ್ಲ, ಯಾಕಂದ್ರೆ ಅವರು ನೋಡೋ ನೆಲದಲ್ಲಿ ಒಂದೇ ಒಂದು ಗಿಡ ಇದೆ. ಹೆಸರು ಗೊತ್ತಿಲ್ಲದ್ದೆಲ್ಲ ಕಳೆ. ಇವತ್ತು ಗಿಡಕ್ಕೆ ಈ ಮಾತು ಅಂತೀವಿ. ನಾಳೆ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಮನುಷ್ಯರ ಬಗ್ಗೆಯೂ ಇದೇ ಧಾಟಿಯಲ್ಲಿ ಮಾತಾಡ್ತೀವಿ. ಆಗಲೇ ಮಾತಾಡ್ತಿದ್ದೀವಿ ಕೂಡ.

ಇಡೀ ಲಾನ್ ನಾಳೆಯೇ ಕಿತ್ತು ಹಾಕಿ ಅನ್ನಲ್ಲ. ಈ ಮುಂಗಾರಿಗೆ ನಾಲ್ಕಡಿಗೆ ನಾಲ್ಕಡಿ ಜಾಗದ ಕಾರ್ಪೆಟ್ ಎತ್ತಿ. ಏನೂ ನೆಡಬೇಡಿ, ಏನೂ ಹೊಡೀಬೇಡಿ. ಪಾರ್ಥೇನಿಯಂ ಬಂದ್ರೆ ಹೂ ಬಿಡೋ ಮೊದಲೇ ಕೈಗವಸು ಹಾಕ್ಕೊಂಡು ಕಿತ್ತು ಹಾಕಿ. ಉಳಿದಿದ್ದಕ್ಕೆ ಹೆಸರೇನು ಅಂತ ನಿಮ್ಮ ಮಾಲಿಯನ್ನ ಕೇಳಿ, ಊರಿಗೆ ಫೋನ್ ಮಾಡಿ ಅಮ್ಮನನ್ನ ಕೇಳಿ. ಹತ್ತು ಹೆಸರು ಗೊತ್ತಾದ ಮೇಲೂ ನಿಮಗೆ ಆ ಕಾರ್ಪೆಟ್ಟೇ ಚೆಂದ ಅನಿಸಿದ್ರೆ ಇಟ್ಟುಕೊಳ್ಳಿ. ಆದ್ರೆ ದಯವಿಟ್ಟು ಅದಕ್ಕೆ ನೇಚರ್ ಅನ್ನಬೇಡಿ.